ಒಂದು ಎಲೆಕ್ಟ್ರಾನಿನ ಸಮೀಕರಣ ಗೊತ್ತಿದ್ದರೆ ಸಾಲದೇ?

ಒಂದು ಎಲೆಕ್ಟ್ರಾನಿನ ನಡವಳಿಕೆ ಪೂರ್ತಿ ಗೊತ್ತಿರುವಾಗ ಕೋಟ್ಯಂತರ ಎಲೆಕ್ಟ್ರಾನ್‌ಗಳಿರುವ ವಸ್ತುವಿನಲ್ಲಿ ಹೊಸದೇನಿದೆ, ಲೆಕ್ಕ ದೊಡ್ಡದಾಗುತ್ತದೆ ಅಷ್ಟೇ ಅಲ್ಲವೇ, ಎಂಎಸ್ಸಿಗೆ ಘನಸ್ಥಿತಿ ಭೌತಶಾಸ್ತ್ರ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ.

ಅಷ್ಟೇ ಅಲ್ಲ. ನಾನು ಕೋಲಾರದಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುವವನು, ಹಾಗಾಗಿ ಕೆಜಿಎಫ್ ಚಿನ್ನದಿಂದಲೇ ಶುರು ಮಾಡುತ್ತೇನೆ. ಒಂಟಿ ಚಿನ್ನದ ಪರಮಾಣುವಿಗೆ ಆ ಹಳದಿ ಹೊಳಪಿಲ್ಲ, ಅದನ್ನು ತಗಡಾಗಿ ಬಡಿಯುವ ಮಾತೂ ಇಲ್ಲ. ಪರಮಾಣುಗಳು ಒತ್ತಾಗಿ ಸೇರಿ, ಹೊರಗಿನ ಎಲೆಕ್ಟ್ರಾನ್‌ಗಳು ಎಲ್ಲಕ್ಕೂ ಸೇರಿದವಾದಾಗಲೇ ಅದು ಲೋಹ.

ಇತಿಹಾಸವೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. 4.2 ಕೆಲ್ವಿನ್ ಹತ್ತಿರ ಪಾದರಸದ ವಿದ್ಯುತ್ ರೋಧ ಮಾಯವಾಗುವುದನ್ನು ಕಾಮರ್ಲಿಂಗ್ ಓನ್ಸ್ ಕಂಡದ್ದು 1911ರಲ್ಲಿ. ಎಲೆಕ್ಟ್ರಾನಿನ ನಡವಳಿಕೆ ಹೇಳುವ ಶ್ರೋಡಿಂಗರ್ ಸಮೀಕರಣ ಬಂದದ್ದು 1926ರಲ್ಲಿ. ಬಾರ್ಡೀನ್, ಕೂಪರ್, ಶ್ರೀಫರ್ ಹೀಗೆ ರೋಧ ಮಾಯವಾಗುವ ಅತಿವಾಹಕತೆಯನ್ನು ವಿವರಿಸಿದ್ದು 1957ರಲ್ಲಿ. ಸಮೀಕರಣ ಕೈಯಲ್ಲಿದ್ದೂ 31 ವರ್ಷ! ಒಂದನ್ನೊಂದು ದೂಡುವ ಎಲೆಕ್ಟ್ರಾನ್‌ಗಳೇ ಜಾಲಕದ, ಅಂದರೆ ಪರಮಾಣುಗಳ ಸಾಲುಜೋಡಣೆಯ, ಕಂಪನದ ಮೂಲಕ ಜೋಡಿಯಾಗುತ್ತವೆ. ಸುತ್ತ ಉಳಿದ ಎಲೆಕ್ಟ್ರಾನ್‌ಗಳು ಇಲ್ಲದಿದ್ದರೆ ಅಷ್ಟು ದುರ್ಬಲ ಸೆಳೆತದಲ್ಲಿ ಜೋಡಿ ನಿಲ್ಲುವುದೇ ಇಲ್ಲ. ಎರಡು ಎಲೆಕ್ಟ್ರಾನ್‌ಗಳನ್ನಷ್ಟೇ ಇಟ್ಟುಕೊಂಡು ಜನ್ಮವಿಡೀ ಲೆಕ್ಕ ಹಾಕಿದರೂ ಇದು ಸಿಗದು.

ನನಗೆ ಇನ್ನೂ ಮೈ ಜುಂ ಎನ್ನಿಸುವುದು ಭಿನ್ನಾಂಕ ಕ್ವಾಂಟಂ ಹಾಲ್ ಪರಿಣಾಮ. 1982ರಲ್ಲಿ ಸುಯಿ, ಸ್ಟಾರ್ಮರ್, ಗೊಸಾರ್ಡ್ ಎಲೆಕ್ಟ್ರಾನ್‌ಗಳನ್ನು ಗ್ಯಾಲಿಯಂ ಆರ್ಸೆನೈಡಿನ ತೆಳು ಪದರದಲ್ಲಿ ಕೂಡಿಹಾಕಿ, ಕೊರೆಯುವ ಚಳಿ ಮತ್ತು ಭಾರೀ ಕಾಂತಕ್ಷೇತ್ರದಲ್ಲಿ ಅಳತೆ ಮಾಡಿದರು. ಹಾಲ್ ರೋಧದ, ಅಂದರೆ ಪ್ರವಾಹಕ್ಕೆ ಅಡ್ಡಲಾಗಿ ಅಳೆದ ರೋಧದ, ನಕ್ಷೆಯಲ್ಲಿ ಮೂರನೇ ಒಂದು ಎಂಬ ಸಂಖ್ಯೆಗೆ ಸರಿಯಾಗಿ ಒಂದು ಸಮತಟ್ಟು ಕಾಣಿಸಿತು. ಎಲೆಕ್ಟ್ರಾನ್‌ಗಳೆಲ್ಲ ಸೇರಿ ಹೊಸ ಬಗೆಯ ದ್ರವವಾಗಿವೆ, ಅದರಲ್ಲಿ ಏಳುವ ಕಣಗಳ ಚಾರ್ಜ್ ಎಲೆಕ್ಟ್ರಾನಿನ ಮೂರನೇ ಒಂದು ಎಂದು ಮರುವರ್ಷ ಲಾಫ್ಲಿನ್ ಹೇಳಿದರು. ಒಂದೇ ಒಂದು ಎಲೆಕ್ಟ್ರಾನೂ ಒಡೆದಿಲ್ಲ, ನೋಡಿ. 1997ರಲ್ಲಿ ಇಸ್ರೇಲ್ ಮತ್ತು ಫ್ರಾನ್ಸಿನ ಪ್ರಯೋಗಗಳು ವಿದ್ಯುತ್ ಪ್ರವಾಹದ ಸಣ್ಣ ಏರಿಳಿತಗಳಲ್ಲಿ ಆ ಚಾರ್ಜನ್ನೇ ಅಳೆದು ತೋರಿಸಿದವು. ಪದರದಲ್ಲಿ ಕಲ್ಮಶ ಇರುತ್ತದೆ, ಅಂಚು ಸೊಟ್ಟಗಿರುತ್ತದೆ. ಆದರೂ ಆ ಸಂಖ್ಯೆ ಕದಲುವುದಿಲ್ಲ. ಬಿಡಿ ಕಣದ ಸಮೀಕರಣದಲ್ಲಿ ಎಲ್ಲೂ ಇಲ್ಲದ ಈ ನಿಖರತೆ ಗುಂಪಿನಿಂದ ಹುಟ್ಟಿದ್ದು.

ಖಂಡಿತ ತೆಗೆದುಕೊಳ್ಳಿ. ಗಣಿತ ಗಟ್ಟಿ ಮಾಡಿಕೊಳ್ಳಿ, ಕಣಗಳ ದೊಡ್ಡ ಗುಂಪಿನ ಲೆಕ್ಕ ಕಲಿಸುವ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸನ್ನು ಪರೀಕ್ಷೆಗೆಂದು ಮಾತ್ರ ಓದಬೇಡಿ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಕಂಡುಹಿಡಿದ ತಾಮ್ರದ ಆಕ್ಸೈಡ್ ಅತಿವಾಹಕಗಳಲ್ಲಿ ಎಲೆಕ್ಟ್ರಾನ್‌ಗಳು ಯಾಕೆ ಜೋಡಿಯಾಗುತ್ತವೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.