ಒಂದೇ ಪ್ಯಾಟರ್ನ್‌ನ ಮೂರು ಬೆಕ್ಕಿಗೆ ಮೂರು ಸ್ವಭಾವ ಬರಬೇಕಾದರೆ

ಒಂದೇ ಪ್ಯಾಟರ್ನ್‌ನಿಂದ ಬಟ್ಟೆಯ ಮೂರು ಬೆಕ್ಕಿನ ಗೊಂಬೆ ಹೊಲಿದಿದ್ದೀರಿ, ಬೇರೆ ಬೇರೆ ಅಂಗಿ ತೊಡಿಸಿದರೂ ಮುಖ ಒಂದೇ ಥರ ಇದೆ, ಕತ್ತು ವಾಲುತ್ತೆ, ಕಿವಿ ಮೊಂಡಾಗಿದೆ ಅಂತ ಬರೆದಿದ್ದೀರಿ. ಕಣ್ಣು, ಬಾಯಿಯ ಕಸೂತಿಯನ್ನು ಹೊಲಿಗೆಗೆ ಮುಂಚೆಯೇ ಮುಗಿಸಿದ್ದೀರಿ ಅಂತಲೂ ಹೇಳಿದ್ದೀರಿ. ಮುಖದ ತೊಂದರೆ ಅಲ್ಲೇ ಇದೆ. ಒಳಗೆ ಫೈಬರ್ (ಹತ್ತಿಯಂಥ ಪಾಲಿಯೆಸ್ಟರ್ ನಾರು) ತುಂಬಿದಾಗ ತಲೆ ಉಬ್ಬುತ್ತೆ, ಚಪ್ಪಟೆ ಬಟ್ಟೆ ಮೇಲೆ ಸರಿಯಾಗಿ ಕೂತಿದ್ದ ಕಣ್ಣು ಕೆನ್ನೆ ಪಕ್ಕಕ್ಕೆ ಜಾರಿಬಿಡುತ್ತೆ. ಮುಖ ಯಾವಾಗಲೂ ಕೊನೆಗೆ.

ತಲೆ ತುಂಬಿದ ಮೇಲೆ ಕಣ್ಣಿನ ಜಾಗದಲ್ಲಿ ಕಪ್ಪು ಗುಂಡು ತಲೆಯ ಎರಡು ಪಿನ್ನು ಚುಚ್ಚಿ ನೋಡಿ. 9 ಸೆಂ.ಮೀ. ಅಗಲದ ತಲೆಗೆ ಕಣ್ಣು ಅರ್ಧಕ್ಕಿಂತ ಕೆಳಗೆ, ದೂರ ದೂರ ಇದ್ದರೆ ಮರಿಬೆಕ್ಕು. ಅದೇ ಕಣ್ಣನ್ನು ಬರೀ 5 ಮಿ.ಮೀ. ಮೇಲಕ್ಕೆತ್ತಿ ಹತ್ತಿರ ತನ್ನಿ, ಮನೆಯ ಹಿರಿಯ ಬೆಕ್ಕಾಗುತ್ತೆ. ಕಣ್ಣಿನ ಹೊರಗಿನ ತುದಿ ಮೇಲಿದ್ದರೆ ಚೂಟಿ, ಕೆಳಗಿದ್ದರೆ ಪಾಪದ್ದು. ಕಣ್ಣಿನ ಮೇಲಿನ ಮೂರನೇ ಒಂದು ಭಾಗ ಮುಚ್ಚುವ ಹಾಗೆ ಒಂದು ನೇರ ಗೆರೆ ಹಾಕಿದರೆ ಸಾಕು, ಬಿಸಿಲಿಗೆ ಮಲಗಿದ ಸೋಮಾರಿ. ಎರಡು ಮಿ.ಮೀ.ನಲ್ಲಿ ಸ್ವಭಾವವೇ ಬದಲಾಗುತ್ತೆ, ಅದಕ್ಕೇ ಪಿನ್ನಿನ ಹಂತದಲ್ಲಿ ಅವಸರ ಬೇಡ. ಕನ್ನಡಿಯಲ್ಲಿ ತೋರಿಸಿ ನೋಡಿದರೆ ಸೊಟ್ಟ ಇರೋದು ಕೂಡಲೇ ಕಾಣುತ್ತೆ. ನೀರಿಗೆ ಅಳಿಯುವ ಪೆನ್ನಿನಲ್ಲಿ ಗುರುತು ಹಾಕಿದ್ದರೆ ಅದನ್ನು ತೊಳೆಯೋ ತನಕ ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಗುರುತು ಕೂತುಬಿಡುತ್ತೆ.

ಕಸೂತಿ ದಾರದ ಆರು ಎಳೆಯಲ್ಲಿ ಕಣ್ಣಿಗೆ ಎರಡು, ಬಾಯಿಗೆ ಒಂದೇ ಎಳೆ. ಗಂಟನ್ನು ಕಿವಿ ಬರುವ ಜಾಗದಲ್ಲಿ ಹಾಕಿ, ಆಮೇಲೆ ಕಿವಿ ಮುಚ್ಚಿಕೊಳ್ಳುತ್ತೆ. ಉದ್ದ ಸೂಜಿಯಲ್ಲಿ ಗಟ್ಟಿ ಪಾಲಿಯೆಸ್ಟರ್ ದಾರ ಜೋಡಿಸಿ, ಒಂದು ಕಣ್ಣಿನ ಒಳತುದಿಯಿಂದ ಇನ್ನೊಂದಕ್ಕೆ ಎರಡು ಸಲ ಹಾಯಿಸಿ ಮೆಲ್ಲಗೆ ಎಳೆಯಿರಿ. ಕಣ್ಣು ಸ್ವಲ್ಪ ಒಳಕ್ಕೆ ಹೋಗಿ ಮೂಗಿನ ದಿಂಡು ಏಳುತ್ತೆ. ಬೆಕ್ಕಿಗೆ ಜೀವ ಬರೋದು ಇಲ್ಲಿ.

ಕಿವಿಯನ್ನೂ ತಲೆ ತುಂಬಿದ ಮೇಲೇ ಹಚ್ಚಿ. ಮುಂದಕ್ಕೆ ನಿಂತರೆ ಕುತೂಹಲ, ಪಕ್ಕಕ್ಕೆ ಚಪ್ಪಟೆಯಾದರೆ ಸಿಟ್ಟು. ತುದಿ ಮೊಂಡಾಗೋದು ಒಳಗೆ ಬಟ್ಟೆ ಗುಡ್ಡೆ ಬೀಳೋದರಿಂದ. ಚೂಪು ಮೂಲೆಗೆ ಹೋಗಿ ತಿರುಗುವ ಬದಲು ಅಲ್ಲಿ ಒಂದು ಅಡ್ಡ ಹೊಲಿಗೆ ಹಾಕಿ, ಆಮೇಲೆ ಹೊಲಿಗೆಯ ಹೊರಗೆ ಬಿಟ್ಟ 6 ಮಿ.ಮೀ. ಅಂಚನ್ನು ತುದಿಯಲ್ಲಿ ಮಾತ್ರ 3ಕ್ಕೆ ಕತ್ತರಿಸಿ. ಕಿವಿಯ ಒಳಭಾಗಕ್ಕೆ ಗುಳೇದಗುಡ್ಡದ ಖಣ (ಕೈಮಗ್ಗದ ರವಿಕೆ ಬಟ್ಟೆ) ತುಂಬಾ ಚೆಂದ, ಆದರೆ ಎಳೆ ಬಿಚ್ಚಿಕೊಳ್ಳುತ್ತೆ, ಕತ್ತರಿಸುವ ಮೊದಲೇ ಹಿಂದೆ ಫ್ಯೂಸಿಂಗ್ ಬಟ್ಟೆ ಇಸ್ತ್ರಿ ಮಾಡಿ ಅಂಟಿಸಿ.

ಕತ್ತು ವಾಲೋದಕ್ಕೆ ಕಾರಣ ತುಂಬುವ ಕ್ರಮ. ಹೊಟ್ಟೆ ತುಂಬಿದ ಮೇಲೆ ಕತ್ತಿಗೆ ತುರುಕಿದರೆ ನಡುವೆ ಟೊಳ್ಳು ಉಳಿಯುತ್ತೆ. ಮೊದಲು ತಲೆಗೆ ಚೆನ್ನಾಗಿ ಬಿಡಿಸಿದ ದೊಡ್ಡ ಉಂಡೆ (ಚೂರು ಚೂರು ಹಾಕಿದರೆ ಕೆನ್ನೆ ಗಂಟುಗಂಟು), ಆಮೇಲೆ ಕತ್ತಿಗೆ ಸಣ್ಣ ಚೂರು, ಒತ್ತಿದರೆ ಬೆರಳು ಇಳಿಯದಷ್ಟು ಬಿಗಿಯಾಗಿ, ಕೊನೆಗೆ ಹೊಟ್ಟೆ. 25 ಸೆಂ.ಮೀ. ಬೆಕ್ಕಿಗೆ ಸುಮಾರು 80ರಿಂದ 100 ಗ್ರಾಂ ಪಾಲಿಯೆಸ್ಟರ್ ಫೈಬರ್ ಬೇಕಾಗುತ್ತೆ. ಮಾಮೂಲಿ ಹತ್ತಿ ಬೇಡ, ತೊಳೆದರೆ ಮುದ್ದೆಗಟ್ಟುತ್ತೆ.

ಮೂರು ವರ್ಷದೊಳಗಿನ ಮಗುವಿಗೆ ಕೊಡೋದಾದರೆ ಗುಂಡಿ, ಮಣಿ, ನೈಲಾನ್ ಮೀಸೆ ಯಾವುದೂ ಬೇಡ, ಕಸೂತಿ ಮಾತ್ರ.

ಈಗಿರುವ ಮೂರನ್ನು ಬಿಸಾಡಬೇಡಿ. ಒಂದರ ಕಣ್ಣಿನ ಮೇಲೇ ರೆಪ್ಪೆಯ ಗೆರೆ ಹಾಕಿ. ಇನ್ನೊಂದರ ಕಿವಿ ಬಿಚ್ಚಿ ಪಕ್ಕಕ್ಕೆ ತಿರುಗಿಸಿ ಹಚ್ಚಿ. ಮೂರನೆಯದರ ಕಣ್ಣನ್ನೇ ಬಿಚ್ಚಿ, ಸೂಜಿ ತೂತಿನ ಮೇಲೆ ಒದ್ದೆ ಬಟ್ಟೆ ಒತ್ತಿ ಉಗುರಿನಿಂದ ಉಜ್ಜಿ. ಪಾಪ್ಲಿನ್ ಆದರೆ ಎಳೆ ಮತ್ತೆ ಕೂಡಿಕೊಳ್ಳುತ್ತೆ, ಒಣಗಿದ ಮೇಲೆ ಪಿನ್ನಿನಿಂದ ಹೊಸದಾಗಿ ಶುರುಮಾಡಬಹುದು.