ಜನವರಿಯ ಆ ನೀರು ಅಲ್ಲಿಯ ಮಳೆಯದಲ್ಲ
ಜನವರಿಯಲ್ಲಿ ನೈಜರ್ ನದಿ ತುಂಬಿದ ಚಿತ್ರ ನೋಡಿ, ನೈಜರ್ ದೇಶದ ರಾಜಧಾನಿ ನಿಯಾಮೆಯಲ್ಲಿ ಆಗ ಮಳೆಗಾಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆಗ ಹನಿ ನೀರೂ ಬೀಳುವುದಿಲ್ಲ. ಸಹಾರಾ ಕಡೆಯ ಹರ್ಮಟಾನ್ ಗಾಳಿ ಕಿಟಕಿಯ ಸಂದಿಗಳಿಗೂ ಧೂಳು ತುರುಕುತ್ತದೆ. ನೀವು ಕಂಡದ್ದು ನದಿ ಹುಟ್ಟುವ ಗಿನಿ ದೇಶದ ಬೆಟ್ಟಗಳಲ್ಲಿ ತಿಂಗಳುಗಳ ಹಿಂದೆ ಸುರಿದ ಮಳೆ. ಮಾಲಿಯ ವಿಶಾಲ ಜೌಗುಬಯಲಿನಲ್ಲಿ ಹರಡಿ, ತೆವಳುತ್ತ ಬರುವಷ್ಟರಲ್ಲಿ ಚಳಿಗಾಲ ಬಂದಿರುತ್ತದೆ.

ನಗರದ ಸ್ವಂತ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವರ್ಷಕ್ಕೆ ಸುಮಾರು 500 ಮಿ.ಮೀ.; ಆಗಸ್ಟ್‌ನದೇ ಸಿಂಹಪಾಲು. ಮೊದಲು ಕೆಂಧೂಳಿನ ಗೋಡೆ ಎದ್ದು ಹಗಲೇ ಕತ್ತಲಾಗುತ್ತದೆ, ಬೆನ್ನಿಗೇ ಧಾರಾಕಾರ ಮಳೆ. ಒಣ ಊರೆಂದು ಹಗುರವಾಗಿ ಎಣಿಸಬೇಡಿ: 2020ರ ನೆರೆಯಲ್ಲಿ ನದಿಯಂಚಿನ ಬಡಾವಣೆಗಳೇ ಮುಳುಗಿದ್ದವು. ಜನವರಿಗೆ ಹೊರಟಿದ್ದರೆ ಕೊಡೆ ಬೇಡ, ಮೂಗು ಮುಚ್ಚಲು ಬಟ್ಟೆ ಸಾಕು.