ಚುನಾವಣೆ ಇಲ್ಲದೆ ಕೂತ ಸಮ್ಮಿಶ್ರ ಸರ್ಕಾರ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ದಂಗೆಯೋ ಯುದ್ಧವೋ ಆದ ಮೇಲೆ ಎಲ್ಲ ಗುಂಪುಗಳೂ ಸೇರಿ, ಚುನಾವಣೆ ಇಲ್ಲದೆ ಸರ್ಕಾರ ಮಾಡಿದ ಸುದ್ದಿ ಆಗಾಗ ಓದುತ್ತೇವೆ. ಸ್ವಲ್ಪ ದಿನಕ್ಕೇ ಅದು ಒಡೆಯುತ್ತದೆ, ಇಲ್ಲವೇ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಓದಿದವರನ್ನು, ಒಳ್ಳೆಯವರನ್ನು ಕೂರಿಸಿದರೂ ಯಾಕೆ ಹೀಗೆ? ಸಮ್ಮಿಶ್ರ ಸರ್ಕಾರ ಅಂದ್ರೆ ಎಲ್ಲ ಕಡೆ ಇದೇ ಕಥೆಯಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ಎಲ್ಲ ಕಡೆ ಇದೇ ಕಥೆಯಲ್ಲ. ಚುನಾವಣೆಯಲ್ಲಿ ಯಾರಿಗೂ ಬಹುಮತ ಬರದೆ ಪಕ್ಷಗಳು ಕೈಜೋಡಿಸಿದರೆ ಅದೂ ಜನ ಆರಿಸಿದ ಸರ್ಕಾರವೇ. ಯಾರ ಹತ್ತಿರ ಎಷ್ಟು ಸೀಟು ಇದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಖಾತೆಗಾಗಿ ಕಿತ್ತಾಟ ನಡೆಯುತ್ತದೆ, ಆದರೆ ಆ ಲೆಕ್ಕದ ಮೇಲೆ ನಡೆಯುತ್ತದೆ. ಬೆಂಬಲ ವಾಪಸ್ ಪಡೆದರೆ ವಿಶ್ವಾಸಮತ, ಅದೂ ಹೋದರೆ ಮತ್ತೆ ಜನರ ಮುಂದೆ ಕೈಮುಗಿದು ನಿಲ್ಲಬೇಕು.

ಚುನಾವಣೆಯೇ ಆಗದೆ ಕೂತ ಸರ್ಕಾರದಲ್ಲಿ ಈ ಲೆಕ್ಕವೇ ಇಲ್ಲ. ಯಾರ ಹಿಂದೆ ಎಷ್ಟು ಜನ ಇದ್ದಾರೆ ಎಂದು ಅಳೆಯೋದು ಹೇಗೆ? ಬೀದಿಗೆ ಎಷ್ಟು ಜನರನ್ನು ಇಳಿಸಬಲ್ಲಿರಿ, ಹಣ ಎಲ್ಲಿಂದ ಬರುತ್ತದೆ, ಬಂದೂಕು ಯಾರ ಕೈಯಲ್ಲಿದೆ, ಇಷ್ಟೇ ಅಳತೆ. ನನ್ನ ಪ್ರಕಾರ ಇಂಥ ಸರ್ಕಾರಗಳ ರೋಗದ ಬೇರು ಇದು.

ಸುಡಾನ್ ನೋಡಿ. 2019ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಒಮರ್ ಅಲ್ ಬಶೀರ್ ಅಧಿಕಾರ ಕಳೆದುಕೊಂಡರು. ಆಗಸ್ಟ್‌ನಲ್ಲಿ ಸೇನೆ ಮತ್ತು ಚಳವಳಿಗಾರರು ಒಂದು ಒಪ್ಪಂದಕ್ಕೆ ಬಂದು 11 ಜನರ ಮಂಡಳಿ ಮಾಡಿದರು: ಸೇನೆಯ 5, ನಾಗರಿಕರ 5, ಇಬ್ಬರೂ ಒಪ್ಪಿದ ಇನ್ನೊಬ್ಬರು. ಮೊದಲ 21 ತಿಂಗಳು ಸೇನೆಯವರು ಅಧ್ಯಕ್ಷರು, ಆಮೇಲಿನ 18 ತಿಂಗಳು ನಾಗರಿಕರು ಎಂದು ಬರೆದುಕೊಂಡರು. ಪ್ರಧಾನಿಯಾಗಿ ಬಂದ ಅಬ್ದಲ್ಲಾ ಹಮ್ದೋಕ್ ಅರ್ಥಶಾಸ್ತ್ರಜ್ಞ, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದವರು. ನೀವು ಹೇಳುವ ಆ ‘ಓದಿದವರು, ಒಳ್ಳೆಯವರು’ ಅಂಥವರೇ. ಇಂಧನದ ಸಬ್ಸಿಡಿ ತೆಗೆಯುವಂಥ ಕಠಿಣ ನಿರ್ಧಾರಗಳನ್ನೂ ತೆಗೆದುಕೊಂಡರು. ಆದರೆ 2021ರಲ್ಲಿ ಹಣದುಬ್ಬರ ಶೇ 300 ದಾಟಿದಾಗ ಜನರಿಗೆ ಉತ್ತರ ಕೊಡಲು ಒಂದು ಸದನವಾದರೂ ಬೇಕಲ್ವಾ? ಒಪ್ಪಂದದಲ್ಲಿದ್ದ ಶಾಸನಸಭೆ ರಚನೆಯಾಗಲೇ ಇಲ್ಲ. ಅಧ್ಯಕ್ಷ ಸ್ಥಾನ ನಾಗರಿಕರಿಗೆ ಸಿಗಲೇ ಇಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಮೈತ್ರಿ ಒಳಗೇ ಒಡೆದು, ಅದೇ ಸರ್ಕಾರದ ಹಣಕಾಸು ಸಚಿವ ಜಿಬ್ರಿಲ್ ಇಬ್ರಾಹಿಂ ಅವರ ಗುಂಪೂ ಸೇರಿ, ಸಂಪುಟವನ್ನು ವಜಾ ಮಾಡಿ ಎಂದು ಅಧ್ಯಕ್ಷರ ಅರಮನೆ ಮುಂದೆ ಧರಣಿ ಕೂತರು. ಕೆಲವೇ ದಿನಕ್ಕೆ, ಅಕ್ಟೋಬರ್ 25ರಂದು, ಸೇನಾ ಮುಖ್ಯಸ್ಥ ಜನರಲ್ ಬುರ್ಹಾನ್ ಸರ್ಕಾರವನ್ನು ಕಿತ್ತುಹಾಕಿದರು. ಆಮೇಲೆ ಬಂದೂಕು ಹಿಡಿದ ಇಬ್ಬರೇ ಉಳಿದರು, ಬುರ್ಹಾನ್ ಮತ್ತು ಅರೆಸೇನಾ ಪಡೆಯ ಮುಖ್ಯಸ್ಥ ಹೆಮೆಡ್ತಿ. 2023ರ ಏಪ್ರಿಲ್ 15ರಂದು ಅವರಿಬ್ಬರ ನಡುವೆಯೇ ಯುದ್ಧ ಶುರುವಾಯಿತು. ಅದರಿಂದ ಮನೆ ಬಿಟ್ಟು ಓಡಿದ ಜನರ ಸಂಖ್ಯೆ ಕೋಟಿ ದಾಟಿತು. ಇದನ್ನು ಸುಮ್ನೆ ರಾಜಕೀಯ ಅಸ್ಥಿರತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಹಾಗಾದರೆ ಇಂಥ ಸರ್ಕಾರ ಚುನಾವಣೆ ತನಕ ತಲುಪುತ್ತದಾ ಇಲ್ಲವಾ ಎಂದು ಮೊದಲೇ ತಿಳಿಯಲು ಏನು ನೋಡಬೇಕು?

ಉತ್ತರ: ಈಗ ಕುರ್ಚಿಯಲ್ಲಿ ಕೂತವರು ಮುಂದಿನ ಚುನಾವಣೆಗೆ ನಿಲ್ಲಬಹುದಾ? ನಾನು ಮೊದಲು ನೋಡುವುದು ಇದನ್ನೇ.

ಟುನೀಶಿಯಾದಲ್ಲಿ 2013ರಲ್ಲಿ ಚೋಕ್ರಿ ಬೆಲಾಯಿದ್, ಮೊಹಮದ್ ಬ್ರಾಹ್ಮಿ ಎಂಬ ಇಬ್ಬರು ವಿರೋಧ ಪಕ್ಷದ ನಾಯಕರ ಕೊಲೆಯಾಯಿತು, ದೇಶ ಕುದಿಯುತ್ತಿತ್ತು. ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ವಕೀಲರ ಸಂಘ, ಮಾನವ ಹಕ್ಕುಗಳ ಸಂಘ ಈ ನಾಲ್ಕೂ ಸೇರಿ ಪಕ್ಷಗಳನ್ನು ಮಾತುಕತೆಗೆ ಕೂರಿಸಿದವು. ಚುನಾವಣೆಯಲ್ಲಿ ಗೆದ್ದು ಸರ್ಕಾರ ನಡೆಸುತ್ತಿದ್ದ ಎನ್ನಹ್ದಾ ಪಕ್ಷ ಅಧಿಕಾರ ಬಿಡಲು ಒಪ್ಪಿತು. 2014ರ ಜನವರಿಯಲ್ಲಿ ಮೆಹದಿ ಜೊಮಾ ಅವರ ಪಕ್ಷೇತರ ಸರ್ಕಾರ ಬಂತು. ಅದರಲ್ಲಿದ್ದವರು ಚುನಾವಣೆಗೆ ನಿಲ್ಲಬಾರದು ಎಂಬುದು ಷರತ್ತು. ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು. ಆ ನಾಲ್ಕು ಸಂಘಟನೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 2021ರಲ್ಲಿ ಅಧ್ಯಕ್ಷ ಸಯೀದ್ ಸಂಸತ್ತನ್ನೇ ಅಮಾನತು ಮಾಡಿದ್ದು ನಿಜ, ಆದರೆ ಅವರು ಚುನಾವಣೆಯಲ್ಲಿ ಗೆದ್ದು ಬಂದವರು.

ನೇಪಾಳದಲ್ಲೂ 2013ರಲ್ಲಿ ನಾಲ್ಕು ದೊಡ್ಡ ರಾಜಕೀಯ ಶಕ್ತಿಗಳು ಒಬ್ಬರನ್ನೊಬ್ಬರು ನಂಬದೆ, ಮುಖ್ಯ ನ್ಯಾಯಮೂರ್ತಿ ಖಿಲ್ ರಾಜ್ ರೆಗ್ಮಿ ಅವರ ಕೈಗೆ ಸರ್ಕಾರ ಕೊಟ್ಟವು. ನ್ಯಾಯಾಂಗದ ಮುಖ್ಯಸ್ಥರೇ ಸರ್ಕಾರ ನಡೆಸೋದು ಸರಿಯಾ ಎಂದು ವಕೀಲರು ಗಲಾಟೆ ಮಾಡಿದರು, ಆ ತಕರಾರಿನಲ್ಲಿ ಹುರುಳಿತ್ತು. ದಿನಾಂಕ ಸ್ವಲ್ಪ ಜಾರಿತು ಕೂಡ. ಆದರೂ ನವೆಂಬರ್ 19ಕ್ಕೆ ಮತದಾನ ನಡೆಯಿತು.

ಲಿಬಿಯಾದಲ್ಲಿ ಇದೇ ಉಲ್ಟಾ ಆಯಿತು. 2021ರಲ್ಲಿ ವಿಶ್ವಸಂಸ್ಥೆ ಕೂರಿಸಿದ 75 ಜನರ ಸಂವಾದ ವೇದಿಕೆ ದಬೈಬಾ ಅವರನ್ನು ಪ್ರಧಾನಿ ಮಾಡಿತು. ಡಿಸೆಂಬರ್ 24ಕ್ಕೆ ಚುನಾವಣೆ, ತಾನು ನಿಲ್ಲುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು. ನವೆಂಬರ್‌ನಲ್ಲಿ ತಾವೇ ನಾಮಪತ್ರ ಸಲ್ಲಿಸಿದರು. ಆ ಒಂದೇ ಕಾರಣಕ್ಕೆ ಅಲ್ಲದಿದ್ದರೂ, ಚುನಾವಣೆ ನಡೆಯಲಿಲ್ಲ. ಮುಂದಿನ ವರ್ಷ ದೇಶದ ಪೂರ್ವ ಭಾಗದಲ್ಲಿ ಕೂತಿದ್ದ ಸಂಸತ್ತು ಇನ್ನೊಬ್ಬ ಪ್ರಧಾನಿಯನ್ನು ನೇಮಿಸಿತು, ದೇಶಕ್ಕೆ ಇಬ್ಬರು ಪ್ರಧಾನಿಗಳಾದರು.

ಪ್ರಶ್ನೆ: ಬೇಗ ಚುನಾವಣೆ ಮಾಡಿಬಿಟ್ಟರೆ ಆಯ್ತಲ್ಲ?

ಉತ್ತರ: ಅಷ್ಟು ಸಾಲದು. ಇದೇ ಲಿಬಿಯಾದಲ್ಲಿ 2014ರ ಜೂನ್‌ನಲ್ಲಿ ಚುನಾವಣೆ ಆಗಿತ್ತು. ಮತದಾನ ತೀರಾ ಕಡಿಮೆ, ಸೋತವರು ಫಲಿತಾಂಶ ಒಪ್ಪಲಿಲ್ಲ, ಎರಡು ಸಂಸತ್ತು ಹುಟ್ಟಿದವು. ಯಾರು ನಿಲ್ಲಬಹುದು, ತಕರಾರು ಬಂದರೆ ಯಾವ ಕೋರ್ಟು ತೀರ್ಮಾನ ಮಾಡುತ್ತದೆ, ಎಣಿಕೆ ದಿನ ಸೇನೆ ಎಲ್ಲಿರುತ್ತದೆ, ಇವಿಷ್ಟು ದಿನಾಂಕಕ್ಕಿಂತ ಮೊದಲು ಬರಹದಲ್ಲಿ ಇರಬೇಕು. ಇಂಥ ಸರ್ಕಾರದ ಸುದ್ದಿ ಬಂದಾಗ ಸಚಿವರ ಪಟ್ಟಿಗಿಂತ ಮೊದಲು ನಾನು ಹುಡುಕೋದು ಈ ಕಾಗದವನ್ನು.